ಮರಗಳು ಮಲಗುವ ಹೊತ್ತು

ಒಂದು ತುದಿಯಲ್ಲಿ ಹುಟ್ಟಿದವನು ಇನ್ನೊಂದು ತುದಿಯನ್ನು ನೋಡದೆಯೇ ಸಾಯುವಷ್ಟು ದೊಡ್ಡ ಊರು ಅದು. ಕಲ್ಲಿನ ಮೇಲೆ ಕಲ್ಲು, ಗಾಜಿನ ಎದುರಿಗೆ ಗಾಜು, ನಡುವೆ ಟಾರಿನ ಬೀದಿ. ಊರಿನ ಮಧ್ಯದಲ್ಲಿ ಒಂದು ಎತ್ತರದ ಗೋಡೆ. ಊರಿನಲ್ಲಿ ಉಳಿದಿದ್ದ ಅಷ್ಟೂ ಮರಗಳು ಆ ಗೋಡೆಯ ಒಳಗಿದ್ದವು. ಹಿರಿಯರು ಅದನ್ನು ಉದ್ಯಾನ ಎನ್ನುತ್ತಿದ್ದರು. ಬೀದಿಯವರು ತೋಪು ಎನ್ನುತ್ತಿದ್ದರು.

ತೋಪಿಗೆ ಒಂದು ಕಟ್ಟಳೆಯಿತ್ತು. ಹೊತ್ತು ಮೂಡುವಾಗ ಬಾಗಿಲು ತೆರೆಯಬೇಕು, ಹೊತ್ತು ಇಳಿಯುವಾಗ ಮತ್ತೆ ತೆರೆಯಬೇಕು. ಸೂರ್ಯ ನೆತ್ತಿಯ ಮೇಲಿರುವಷ್ಟು ಕಾಲ ಬೀಗ. ಆ ಹೊತ್ತಿನಲ್ಲಿ ಮರಗಳು ಮಲಗುತ್ತವೆ ಎಂದು ಹಿರಿಯರು ಹೇಳಿದ್ದರು. ಮನುಷ್ಯರ ಉಸಿರು ತಾಗಿದರೆ ಮರಕ್ಕೆ ಎಚ್ಚರವಾಗುತ್ತದೆ, ಎಚ್ಚರವಾದ ಮರ ಮತ್ತೆ ಮಲಗುವುದಿಲ್ಲ, ಮಲಗದ ಮರ ಒಣಗಿಹೋಗುತ್ತದೆ. ಗೋಡೆಯೊಳಗಿಂದ ಮಧ್ಯಾಹ್ನ ಏನಾದರೂ ಸದ್ದು ಕೇಳಿದರೆ ತಾಯಂದಿರು ಮಕ್ಕಳಿಗೆ, 'ಮರ ಕನಸು ಕಾಣ್ತಾ ಇದೆ, ಸುಮ್ನಿರು' ಎನ್ನುತ್ತಿದ್ದರು.

ಬೀಗದ ಕೈ ಒಬ್ಬ ಹೆಂಗಸಿನ ಸೊಂಟದಲ್ಲಿತ್ತು. ಅವಳನ್ನು ಎಲ್ಲರೂ ಬೀಗದವಳು ಎನ್ನುತ್ತಿದ್ದರು. ಹನ್ನೆರಡು ವರ್ಷದಿಂದ ಅವಳದು ಅದೇ ಕೆಲಸ. ನೆರಳು ಕಾಲಬುಡಕ್ಕೆ ಬಂದೊಡನೆ ಗಂಟೆಯನ್ನು ಮೂರು ಸಲ ಬಾರಿಸುವಳು. ಒಳಗಿದ್ದವರೆಲ್ಲ ಹೊರಗೆ ಬಂದ ಮೇಲೆ ಕಬ್ಬಿಣದ ಬಾಗಿಲನ್ನು ಎಳೆದು, ಬೀಗ ಹಾಕಿ, ಬೀದಿಗೆ ಮುಖ ಮಾಡಿ ಹೇಳುವಳು: "ಮರ ಮಲಗಿದೆ. ಉಸಿರು ತಗ್ಗಿಸಿ." ಬೀದಿ ಉಸಿರು ತಗ್ಗಿಸುತ್ತಿತ್ತು. ಇಷ್ಟು ದೊಡ್ಡ ಊರು ತನ್ನ ಒಂದು ಮಾತಿಗೆ ಸುಮ್ಮನಾಗುತ್ತದಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ. ಬಾಗಿಲಿಗೆ ಬೆನ್ನು ಕೊಟ್ಟು, ಒಂದು ಕಲ್ಲಿನ ಮೇಲೆ, ತಲೆಗೆ ಸೆರಗು ಹೊದ್ದು ಕೂರುತ್ತಿದ್ದಳು. ಮಲಗಿದ ಮರಗಳನ್ನು ಅವಳು ಒಂದು ದಿನವೂ ನೋಡಿರಲಿಲ್ಲ. ನೋಡಬೇಕು ಎಂದು ಅನ್ನಿಸಿಯೂ ಇರಲಿಲ್ಲ.

ಆ ಊರಿನ ಮಧ್ಯಾಹ್ನ ಬೇರೆ ಊರುಗಳ ಮಧ್ಯಾಹ್ನದಂತಲ್ಲ. ಸೂರ್ಯ ನೆತ್ತಿಗೆ ಬಂದು ಅಲ್ಲೇ ನಿಂತುಬಿಡುತ್ತಿದ್ದ. ಮೂರು ಸಲ ಅನ್ನಕ್ಕೆ ಇಟ್ಟು ಇಳಿಸಬಹುದು, ಅಷ್ಟು ಹೊತ್ತು ಕದಲುತ್ತಿರಲಿಲ್ಲ. ಹಿರಿಯರು ಆಗ ನೀರು ಚಿಮುಕಿಸಿದ ತಮ್ಮ ಕಲ್ಲಿನ ಕೋಣೆಗಳಲ್ಲಿ ಇರುತ್ತಿದ್ದರು. ಅವರಿಗೆ ತೋಪು ಬೇಕಾಗಿದ್ದುದು ಬೆಳಿಗ್ಗೆ ಮತ್ತು ಸಂಜೆ ಮಾತ್ರ. ಮೆತ್ತನೆಯ ಜೋಡು ಮೆಟ್ಟಿ ಬರುವರು, ಕೈ ಬೀಸಿಕೊಂಡು ಬಲಸುತ್ತು ಸುತ್ತುವರು, ಮರಕ್ಕೆ ಬೆನ್ನು ಉಜ್ಜುವರು. 'ಪ್ರಕೃತಿ ಅಂದ್ರೆ ಇದು' ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಮನೆಗೆ ಹೋಗುವರು. ಆಗೆಲ್ಲ ಬಿಸಿಲೇ ಇರುತ್ತಿರಲಿಲ್ಲ.

ಬಿಸಿಲು ಇರುವಾಗ ಬೀದಿಯಲ್ಲಿ ಇರುತ್ತಿದ್ದವರು ಬೇರೆ. ಮೂಟೆ ಹೊರುವವರು, ಗಾರೆ ಕಲಸುವವರು, ತಳ್ಳುಗಾಡಿಯವರು, ಸೌತೆಕಾಯಿ ಮಾರುವವಳು, ಪೊರಕೆಯವಳು. ಅವರೆಲ್ಲ ಗೋಡೆಗೆ ಒರಗಿ ಸಾಲಾಗಿ ಕೂರುತ್ತಿದ್ದರು. ಗೋಡೆಗೂ ಆ ಹೊತ್ತಿನಲ್ಲಿ ನೆರಳಿಲ್ಲ. ಆದರೂ ಆಚೆ ಬದಿ ತಂಪಿದೆ ಎಂಬ ನಂಬಿಕೆಯಲ್ಲಿ ಬೆನ್ನನ್ನು ಕಲ್ಲಿಗೆ ಒತ್ತಿಕೊಂಡಿರುತ್ತಿದ್ದರು.

ಮತ್ತೊಬ್ಬನಿದ್ದ, ಅಳತೆಯವನು. ತೋಪಿನ ನೆರಳು ಗೋಡೆ ದಾಟದಂತೆ ನೋಡಿಕೊಳ್ಳುವುದು ಅವನ ಕೆಲಸ. ನೆರಳೆಂದರೆ ಮರದ ಹಾಸಿಗೆ, ಹಾಸಿಗೆಯ ಮೇಲೆ ಕಂಡವರು ಕೂರಬಾರದು ಎಂದು ಹಿರಿಯರು ಹೇಳಿದ್ದರು. ಅವನು ದಿನವೂ ಗೋಡೆಯ ಬುಡದಲ್ಲಿ ಸುಣ್ಣದ ಗೆರೆ ಎಳೆದು, ಗೆರೆಯಾಚೆ ಒಂದು ಅಂಗೈಯಷ್ಟು ನೆರಳು ಬಿದ್ದರೂ ಕುಡುಗೋಲು ಕಟ್ಟಿದ ಗಳುವನ್ನು ಎತ್ತಿ ಆ ಕೊಂಬೆಯನ್ನು ಕೊಯ್ದು ಒಳಗೆ ಕೆಡವುತ್ತಿದ್ದ. ಯಾರ ಜೊತೆಯೂ ಮಾತಾಡುತ್ತಿರಲಿಲ್ಲ.

ಆ ವರ್ಷ ಬೇಸಿಗೆ ಬೇಗ ಬಂತು. ಅಳತೆಯವನಿಗೆ ಜ್ವರ ಬಂದು ಒಂಬತ್ತು ದಿನ ಮಲಗಿದ. ಆ ಒಂಬತ್ತು ದಿನದಲ್ಲಿ, ಬಾಗಿಲ ಪಕ್ಕದ ಹೊಂಗೆಯ ಮರದ ಕೊಂಬೆಯೊಂದು ಗೋಡೆಯ ಮೇಲಿಂದ ಹೊರಗೆ ಬಾಗಿತು. ಹೊಸ ಚಿಗುರು, ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ ಮಿನುಗುವ ಎಲೆ. ಟಾರಿನ ಮೇಲೆ ಒಂದು ಚಾಪೆಯಷ್ಟು ನೆರಳು ಬಿತ್ತು. ಪೊರಕೆಯವಳು ಅದರಲ್ಲಿ ಕೂರತೊಡಗಿದಳು.

ಸೂರ್ಯ ಹುಟ್ಟುವ ಮೊದಲೇ ಗುಡಿಸಲು ಶುರುಮಾಡಿ ಮಧ್ಯಾಹ್ನದ ಹೊತ್ತಿಗೆ ಏಳು ಬೀದಿ ಮುಗಿಸುವ ಹೆಂಗಸು ಅವಳು. ಬೀಗದವಳ ಹತ್ತಿರ ಹೋಗಿ ಮಾತಾಡುತ್ತಿದ್ದವಳು ಅವಳೊಬ್ಬಳೇ.

"ಅಕ್ಕಾ, ನೀನೂ ಬಾ, ಒಂದ್ ಗಳಿಗೆ ಕೂತ್ಕೋ. ತಂಪಾಗೈತೆ," ಎಂದಳು.

"ಅದು ಗೆರೆಯಾಚೆಗಿನ ನೆರಳು," ಎಂದಳು ಬೀಗದವಳು.

"ಗೆರೆ ಎಲ್ಲೈತಕ್ಕ? ಎಳೆಯೋನೇ ಬಂದಿಲ್ಲ."

"ಎಳೀದಿದ್ರೂ ಗೆರೆ ಗೆರೇನೇ."

ಪೊರಕೆಯವಳು ನಕ್ಕಳು. ಕಾಲು ಚಾಚಿ, ಹಿಮ್ಮಡಿಯ ಬಿರುಕಿಗೆ ಹೊಂಗೆಯ ಎಲೆ ಜಜ್ಜಿ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಬೀಗದವಳು ಬಿಸಿಲಲ್ಲಿ ಕೂತು ಅವಳನ್ನು ನೋಡಿದಳು. ಏನೋ ಒಂದು ಚುಚ್ಚಿತು. ತಾನು ಹನ್ನೆರಡು ವರ್ಷ ಬಿಸಿಲಲ್ಲಿ ಕೂತಿಲ್ಲವೇ, ಇವಳಿಗೇನು? ಹತ್ತನೆಯ ದಿನ ಅಳತೆಯವನು ಬಂದಾಗ ಅವನು ಕೇಳುವ ಮೊದಲೇ ಅವಳು ಕೈಯೆತ್ತಿ ಕೊಂಬೆಯನ್ನು ತೋರಿಸಿದಳು.

ಅವನು ಗಳು ಎತ್ತಿದ. ಕೊಂಬೆ ಬಿತ್ತು. ಪೊರಕೆಯವಳು ಎದ್ದು ಗೋಡೆಗೆ ಸರಿದಳು. ಬೀಗದವಳನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಎರಡು ದಿನ ಕಳೆಯಿತು. ಮೂರನೆಯ ದಿನ ಟಾರು ಮೆತ್ತಗಾಗಿ ಕಾಲಿಗೆ ಅಂಟುತ್ತಿತ್ತು. ಗಂಟೆ ಬಾರಿಸಿ, ಬೀಗ ಹಾಕಿ, ಮಾತು ಹೇಳಿ ಕೂತ ಬೀಗದವಳ ಹತ್ತಿರಕ್ಕೆ ಪೊರಕೆಯವಳು ಗೋಡೆ ಹಿಡಿದುಕೊಂಡು ಬಂದಳು. ಮೈ ಬೆವರುತ್ತಿರಲಿಲ್ಲ. ಬೆವರಿದ ಕುರುಹೂ ಒಣಗಿ ಉಪ್ಪಾಗಿತ್ತು.

"ಅಕ್ಕಾ, ಕಣ್ಣು ಕತ್ತಲೆ ಬರ್ತಾ ಐತೆ. ತಲೆಯೊಂದನ್ನ ಒಳಗಿಟ್ರೆ ಸಾಕು. ಮೈ ಹೊರಗೇ ಇರ್ಲಿ."

"ಈಗ ತೆಗೆದ್ರೆ ಮರ ಏಳುತ್ತೆ ಕಣೇ."

"ನಾನು ಉಸಿರು ಬಿಡಲ್ಲಕ್ಕ. ಹಿಡ್ಕೊಂಡಿರ್ತೀನಿ."

ಬೀಗದವಳ ಕೈ ಸೊಂಟಕ್ಕೆ ಹೋಯಿತು. ಕೀಲಿಕೈ ಕಾದು ಬಿಸಿಯಾಗಿತ್ತು. ಅವಳು ಬೀದಿಯನ್ನು ನೋಡಿದಳು. ಗೋಡೆಗೆ ಒರಗಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಯಾರೂ ತೆಗಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವಳ ಕೈ ಕೆಳಗಿಳಿಯಿತು.

"ಇನ್ನೇನು ಸ್ವಲ್ಪ ಹೊತ್ತು. ಹೊತ್ತು ಇಳಿಯುತ್ತೆ," ಎಂದಳು.

ಬಾಗಿಲಿನ ಕೆಳಗೆ ನಾಲ್ಕು ಬೆರಳಿನಷ್ಟು ಸಂದಿಯಿತ್ತು. ಪೊರಕೆಯವಳು ಅಲ್ಲಿ ನೆಲದ ಮೇಲೆ ಮಲಗಿ, ಸಂದಿಯೊಳಗೆ ಕೈ ತೂರಿಸಿ, ಹಾಗೇ ಸುಮ್ಮನಾದಳು. ಸೂರ್ಯ ಕದಲಲಿಲ್ಲ. ಕೊನೆಗೂ ಅವನು ಕದಲಿ, ಬೀಗದವಳು ಬಾಗಿಲು ತೆಗೆಯಲು ಎದ್ದು, 'ಹೊತ್ತು ಇಳೀತು, ಏಳೇ' ಎಂದಾಗ ಅವಳು ಏಳಲಿಲ್ಲ. ಬೀಗದವಳು ಕೂತು ಅವಳ ಕೈಯನ್ನು ಸಂದಿಯಿಂದ ಎಳೆದುಕೊಂಡಳು. ಒಳಗಿದ್ದ ಬೆರಳುಗಳು ತಣ್ಣಗಿದ್ದವು. ಉಳಿದ ಮೈಯೆಲ್ಲ ಸುಡುತ್ತಿತ್ತು.

ಸಂಜೆ ಮೆತ್ತನೆಯ ಜೋಡಿನವರು ಬಂದರು. ಬಾಗಿಲ ಬಳಿ ಜಾಗ ಒದ್ದೆಯಾಗಿತ್ತು. ಯಾರೋ ನೀರು ಹಾಕಿ ತೊಳೆದಿದ್ದರು. ಅವರು ಅದನ್ನು ತುಳಿಯದೆ ಪಕ್ಕದಿಂದ ಒಳಗೆ ಹೋದರು. ಎಲ್ಲರಿಗಿಂತ ಹಿರಿಯನಾದ ಯಜಮಾನ ಮಾತ್ರ ನಿಂತು, ತಲೆ ತಗ್ಗಿಸಿದ.

"ಕೇಳಿದೆ. ಬಹಳ ಬೇಜಾರಾಯ್ತು. ಒಳಗೆ ಅವಳ ನೆನಪಿಗೆ ಒಂದು ಸಸಿ ನೆಡೋಣ," ಎಂದ.

"ಯಜಮಾನ್ರೇ, ಮರ ಎಚ್ಚರ ಆದ್ರೆ ಏನಾಗುತ್ತೆ?" ಎಂದು ಬೀಗದವಳು ಕೇಳಿದಳು.

"ಒಣಗಿ ಹೋಗುತ್ತೆ."

"ಒಣಗಿದ್ದನ್ನ ಯಾರು ನೋಡಿದಾರೆ?"

"ಯಾರೂ ಎಬ್ಬಿಸಿಲ್ಲ. ಅದಕ್ಕೇ ಯಾರೂ ನೋಡಿಲ್ಲ."

"ಮಲಗಿದ್ದನ್ನ?"

ಯಜಮಾನ ಅವಳನ್ನು ಮೊದಲ ಸಲ ನೋಡುವವನಂತೆ ನೋಡಿದ. "ನಿನ್ನ ಕೆಲಸ ಬೀಗ ಹಾಕೋದು," ಎಂದು ಮೃದುವಾಗಿ ಹೇಳಿ, ಬಲಸುತ್ತು ಸುತ್ತಲು ಹೋದ.

ಮಾರನೆಯ ದಿನ ನೆರಳು ಕಾಲಬುಡಕ್ಕೆ ಬಂತು. ಅವಳು ಗಂಟೆ ಬಾರಿಸಿದಳು. ಒಳಗಿದ್ದವರು ಹೊರಬಂದರು. ಅವಳು ಬಾಗಿಲು ಎಳೆದು ಬೀಗ ಹಾಕಿದಳು. ಅಂದು ಹೊರಗಿನಿಂದಲ್ಲ, ಒಳಗಿನಿಂದ.

ಅವಳು ನಡೆದದ್ದು ಕೋಪವನ್ನು ಎರಡೂ ಕೈಯಲ್ಲಿ ತುಂಬಿದ ಕೊಡದಂತೆ ಹಿಡಿದುಕೊಂಡು. ಒಳಗೆ ಯಾರೋ ಇರುತ್ತಾರೆ ಎಂದೇ ಅವಳ ನಂಬಿಕೆ. ನಿನ್ನೆ ರಾತ್ರಿಯಿಂದ ಅವರನ್ನು ಮನಸ್ಸಿನಲ್ಲೇ ನೋಡಿದ್ದಳು: ದಿಂಬು ಹಾಕಿ ಒರಗಿದ ಹಿರಿಯರು, ಬೀಸಣಿಗೆ, ಹಣ್ಣಿನ ತಟ್ಟೆ. ಅವರ ಮುಖದ ಮೇಲೆ ಆ ಕೊಡವನ್ನು ಒಡೆಯಬೇಕು ಎಂದು ಬಂದಿದ್ದಳು.

ಯಾರೂ ಇರಲಿಲ್ಲ.

ಅತ್ತಿ, ನೇರಳೆ, ಹಿಪ್ಪೆ, ಮಾವು, ಆಲ. ಒಂದರ ನೆರಳಿಗೆ ಇನ್ನೊಂದರ ನೆರಳು ಸೇರಿ ನೆಲವೆಲ್ಲ ಹಸಿರುಗಪ್ಪಾಗಿತ್ತು. ಕಲ್ಲಿನ ಬೆಂಚುಗಳು ಖಾಲಿ. ಹುಲ್ಲಿನ ಮೇಲೆ ಒಂದು ಹೆಜ್ಜೆಯಿಲ್ಲ. ಇನ್ನು ಮರಗಳೋ, ಒಂದಾದರೂ ಮಲಗಿರಲಿಲ್ಲ. ಕುಟುರಹಕ್ಕಿ ಕುಟುರ್ ಕುಟುರ್ ಎಂದು ಒಂದೇ ಸಮನೆ ಕೂಗುತ್ತಿತ್ತು. ಅಳಿಲುಗಳು ಕಾಂಡದ ಮೇಲೆ ಅಟ್ಟಾಡುತ್ತಿದ್ದವು. ಅತ್ತಿಯ ಹಣ್ಣು ತೊಪ್ಪನೆ ಬೀಳುತ್ತಿತ್ತು, ಹಿಪ್ಪೆಯ ತುಂಬ ಜೇನು ಮೊರೆಯುತ್ತಿತ್ತು. ಗಾಳಿ ಎಲೆಗಳನ್ನು ಮಗುಚಿ ಹಾಕುತ್ತಿತ್ತು. ಇಷ್ಟು ಗಲಾಟೆಯಲ್ಲಿ ಕೂಸು ಕೂಡ ಮಲಗುವುದಿಲ್ಲ.

ಅವಳು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಳು. ಮೈ ತಂಪಾಯಿತು. ತಂಪಾದಷ್ಟೂ ಹೊಟ್ಟೆ ಉರಿಯಿತು. ಯಾರಾದರೂ ಇದ್ದಿದ್ದರೆ, ಒಬ್ಬ ಯಜಮಾನನಾದರೂ ಗೊರಕೆ ಹೊಡೆಯುತ್ತ ಬಿದ್ದಿದ್ದರೆ, ಅವನಿಗಾಗಿ ಬೀಗ ಹಾಕಿದೆ ಎಂದಾದರೂ ಅಂದುಕೊಳ್ಳಬಹುದಿತ್ತು. ಇಷ್ಟು ನೆರಳು ಯಾರಿಗೂ ಬೇಡವಾಗಿ ಬಿದ್ದಿತ್ತು. ಬಾಗಿಲ ಸಂದಿಯ ಹತ್ತಿರ ಪೊರಕೆಯವಳ ಬೆರಳುಗಳು ಮಣ್ಣನ್ನು ಗೀರಿದ ಗುರುತು ಇನ್ನೂ ಹಾಗೇ ಇತ್ತು. ಅಲ್ಲಿಂದ ಹೊಂಗೆಯ ಬುಡಕ್ಕೆ ಮೂರೇ ಹೆಜ್ಜೆ.

ಅವಳು ಬೀಗ ತೆಗೆದು, ಬಾಗಿಲನ್ನು ಗೋಡೆಗೆ ಬಡಿಯುವಂತೆ ದಬ್ಬಿದಳು.

"ಎದ್ದು ಬನ್ನಿ," ಎಂದಳು.

ಗೋಡೆಗೆ ಒರಗಿದ್ದವರು ತಲೆಯೆತ್ತಿದರು. ಯಾರೂ ಏಳಲಿಲ್ಲ.

"ಒಳಗೆ ಯಾರೂ ಇಲ್ಲ. ಮರ ಮಲಗಿಲ್ಲ. ಬನ್ನಿ, ಕೂತ್ಕೊಳ್ಳಿ."

ಒಬ್ಬ ಮೂಟೆಯವನು ಬಾಯಿಗೆ ಬಟ್ಟೆ ಕಟ್ಟಿಕೊಂಡು, "ಮೆಲ್ಲಗೆ ಮಾತಾಡಮ್ಮ. ಎದ್ದುಬಿಟ್ಟಾವು," ಎಂದ.

"ನಿನ್ನೆ ಒಬ್ಬಳು ಹೋದ್ಳು. ಇವತ್ತು ಮರಾನೂ ಹೋಗ್ಬೇಕಾ?" ಎಂದ ಗಾರೆಯವನು.

"ಬಾಗಿಲು ಹಾಕಮ್ಮ, ನಿನಗೆ ಬಿಸಿಲು ತಲೆಗೆ ಏರಿದೆ," ಎಂದು ಇನ್ನೊಬ್ಬಳು ಗದರಿದಳು.

ಬೀಗದವಳಿಗೆ ಹಿರಿಯರ ಮೇಲೆ ಬಂದಿದ್ದ ಕೋಪಕ್ಕಿಂತ ದೊಡ್ಡ ಕೋಪ ಇವರ ಮೇಲೆ ಬಂತು. ಅವರು ಆಡುತ್ತಿದ್ದುದು ಅವಳದೇ ಮಾತು. ಹನ್ನೆರಡು ವರ್ಷ ದಿನಕ್ಕೊಂದು ಸಲದಂತೆ ಅವಳೇ ಅವರ ಕಿವಿಗೆ ಹುಯ್ದದ್ದು. ಅವಳು ಮೂಟೆಯವನ ರಟ್ಟೆ ಹಿಡಿದು ಎಳೆದಳು. ಅವನು ಕೊಸರಿಕೊಂಡು, ಎರಡೂ ಕೈಯಿಂದ ಗೋಡೆಯ ಕಲ್ಲನ್ನು ಹಿಡಿದುಕೊಂಡ. ತಂಪು ಆಚೆ ಬದಿಗಿದೆ ಎಂದು ನಂಬಿದ್ದವನು ಬಾಗಿಲು ತೆರೆದ ಮೇಲೂ ಗೋಡೆಯನ್ನು ಬಿಡಲೊಲ್ಲ.

ಆ ಹೊತ್ತಿಗೆ ಸುಣ್ಣದ ಗೆರೆ ಎಳೆಯುತ್ತ ಅಳತೆಯವನು ಬಾಗಿಲ ತನಕ ಬಂದಿದ್ದ. ತೆರೆದ ಬಾಗಿಲನ್ನು ನೋಡಿ ನಿಂತ. ಆಮೇಲೆ ಗಳುವನ್ನು ಗೋಡೆಗೆ ಆನಿಸಿ, ಒಳಗೆ ಹೋಗಿ, ಹೊಂಗೆಯ ಕೆಳಗೆ ಕೂತು, ತಲೆಯ ಬಟ್ಟೆ ಬಿಚ್ಚಿದ. ಅವನ ನೆತ್ತಿ ಸುಟ್ಟು ಸಿಪ್ಪೆಸಿಪ್ಪೆಯಾಗಿತ್ತು.

ಬೀಗದವಳು ಅವನೆದುರು ಹೋಗಿ ನಿಂತಳು. "ಹೆದರಿಕೆ ಆಗ್ಲಿಲ್ವಾ ನಿಂಗೆ?"

"ಯಾಕೆ ಹೆದರ್ಲಿ? ಇವು ಮಲಗಲ್ಲ ಅಂತ ನಂಗೊತ್ತಿತ್ತು."

"ಗೊತ್ತಿತ್ತಾ? ಯಾವಾಗಿಂದ?"

"ಮೊದಲ ಕೊಂಬೆ ಕಡಿದ ದಿನದಿಂದ. ಕೊಯ್ದ ತಕ್ಷಣ ರಸ ಒಸರಿತು. ಗೂಡಿನಲ್ಲಿದ್ದ ಹಕ್ಕಿ ಹಾರಿ ಬಂದು ಕೈಗೆ ಕುಕ್ಕಿತು. ಎಚ್ಚರ ಇಲ್ದೋರು ಹಾಗೆ ಮಾಡ್ತಾರಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

ಅವಳು ಅವನ ಕೆನ್ನೆಗೆ ಹೊಡೆದಳು. ಅವನು ತಡೆಯಲಿಲ್ಲ. ಇನ್ನೊಂದು ಹೊಡೆದಳು. ಮೂರನೆಯದಕ್ಕೆ ಎತ್ತಿದ ಕೈ ಹಾಗೇ ನಿಂತಿತು. ಕೊಂಬೆಯನ್ನು ತೋರಿಸಿದ ಕೈ ಅದೇ.

"ಅವಳು ಸತ್ಲು," ಎಂದಳು.

"ಹೌದು," ಎಂದ ಅಳತೆಯವನು. "ನೀನು ತೋರಿಸ್ದೆ, ನಾನು ಕಡಿದೆ. ಹೊಡಿ, ನಿಲ್ಲಿಸಬೇಡ. ನಿನಗೆ ಹೊಡೆಯೋಕೆ ಮಾತ್ರ ಇಲ್ಲಿ ಯಾರೂ ಇಲ್ಲ."

ಅವರಿಬ್ಬರ ಮಾತೆಲ್ಲ ಬೀದಿಯವರೆಗೂ ಕೇಳಿತು. ಮೂಟೆಯವನು ಗೋಡೆಯನ್ನು ಬಿಟ್ಟ. ಬಾಯಿಗೆ ಕಟ್ಟಿದ್ದ ಬಟ್ಟೆ ತೆಗೆದ. ಹೊಸಿಲ ಹತ್ತಿರ ಬಂದು ಒಂದು ಕಾಲು ಒಳಗಿಟ್ಟು ಕಾದ. ಮರ ಒಣಗಲಿಲ್ಲ. ಇನ್ನೊಂದು ಕಾಲು ಇಟ್ಟ. ಅವನ ಹಿಂದೆ ಗಾರೆಯವನು, ಅವನ ಹಿಂದೆ ಸೌತೆಕಾಯಿಯವಳು ಬುಟ್ಟಿ ಹೊತ್ತುಕೊಂಡೇ ಬಂದಳು. ಆಮೇಲೆ ಸಾಲು. ಹುಲ್ಲಿನ ಮೇಲೆ ಕೂತರು, ಕೂತವರು ಒರಗಿದರು. ಕೆಲವರು ಕೂತಲ್ಲೇ ಅಳುತ್ತಿದ್ದರು. ಮೂಟೆಯವನು ಮಾತ್ರ ಅಳಲಿಲ್ಲ. ತನ್ನ ಅಂಗೈಯನ್ನು ನೆಲಕ್ಕೆ ಒತ್ತಿ, ತೆಗೆದು, ಮತ್ತೆ ಒತ್ತಿ ನೋಡುತ್ತಿದ್ದ. "ಇಷ್ಟು ವರ್ಷ," ಎನ್ನುತ್ತಿದ್ದ. "ಇಷ್ಟು ವರ್ಷ."

ಸುದ್ದಿ ಕಲ್ಲಿನ ಕೋಣೆಗಳಿಗೆ ಮುಟ್ಟಿತು. ಯಜಮಾನ ಮಧ್ಯಾಹ್ನದ ಬೀದಿಗೆ ತನ್ನ ಜೀವಮಾನದಲ್ಲಿ ಮೊದಲ ಸಲ ಇಳಿದು ಬಂದ. ಬಾಗಿಲು ಸೇರುವಷ್ಟರಲ್ಲಿ ಮೆತ್ತನೆಯ ಜೋಡು ಟಾರಿಗೆ ಅಂಟಿ ಒಂದು ಕಾಲಿನದು ಹಿಂದೆಯೇ ಉಳಿದಿತ್ತು. ಮುಖ ಕೆಂಡವಾಗಿತ್ತು.

"ಎಲ್ಲರೂ ಹೊರಗೆ ಬನ್ನಿ," ಎಂದ. ಧ್ವನಿ ಒಣಗಿತ್ತು.

ಯಾರೂ ಬರಲಿಲ್ಲ. ಬೀಗದವಳು ಬಾಗಿಲಿಗೆ ಬಂದು ನಿಂತಳು. ಬಾಗಿಲನ್ನು ಎಳೆದರೆ ಸಾಕು, ಯಜಮಾನ ಹೊರಗೆ, ಸೂರ್ಯ ಅವನ ನೆತ್ತಿಯ ಮೇಲೆ. ಅವಳ ಕೈ ಬಾಗಿಲಿನ ಮೇಲಿತ್ತು. ಎಳೆಯುವುದು ಎಷ್ಟು ಸುಲಭ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಊರಲ್ಲೇ ಇರಲಿಲ್ಲ. ಅವಳು ಮೂಟೆಯವರನ್ನು ಕರೆದಳು. ನಾಲ್ಕು ಜನ ಎದ್ದು ಬಂದು ಭುಜ ಕೊಟ್ಟು ಬಾಗಿಲನ್ನು ಕೀಲಿನಿಂದ ಎತ್ತಿ ಬೀದಿಗೆ ಎಸೆದರು. ಕಬ್ಬಿಣ ಟಾರಿನ ಮೇಲೆ ಬಿದ್ದ ಸದ್ದಿಗೆ ತೋಪಿನ ಹಕ್ಕಿಗಳೆಲ್ಲ ಒಂದು ಸಲ ಮೇಲೆದ್ದು ಮತ್ತೆ ಕೂತವು.

ಯಜಮಾನನ ಕಾಲು ಸುಡುತ್ತಿತ್ತು. ಅವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ತೂಕ ಬದಲಿಸಿ, ಒಳಗೆ ನೋಡಿದ. "ನಾನೂ ಬರಲಾ?" ಎಂದ.

"ಅವಳ ಹೆಸರು ಹೇಳಿ, ಬನ್ನಿ," ಎಂದಳು ಬೀಗದವಳು.

"ಯಾರ ಹೆಸರು?"

"ನೀವು ನಿಂತಿರೋ ಜಾಗದಲ್ಲೇ ನಿನ್ನೆ ಸತ್ತವಳದು."

"ಪೊರಕೆಯವಳು."

"ಅದು ಅವಳ ಕೆಲಸ. ನಾನು ಕೇಳಿದ್ದು ಹೆಸರು."

ಬೀಗದವಳು ಕಾದಳು. ಅವನಿಗೆ ಗೊತ್ತಿಲ್ಲ ಎಂದು ಊರಿಗೆಲ್ಲ ತಿಳಿಯುವಷ್ಟು ಹೊತ್ತು ಕಾದು, ಅವನ ಮುಖಕ್ಕೆ ರಾಚುವ ಹಾಗೆ ಆ ಹೆಸರನ್ನು ತಾನೇ ಹೇಳಬೇಕೆಂದು ಉಸಿರು ಎಳೆದುಕೊಂಡಳು. ಹೆಸರು ಬರಲಿಲ್ಲ. ಹನ್ನೆರಡು ವರ್ಷ ದಿನವೂ ಅಕ್ಕಾ ಎಂದು ಕರೆದವಳು. ಅವಳನ್ನು ತಾನು ಏನೆಂದು ಕರೆದಿದ್ದೆ? ಏನೇ, ಬಾರೇ, ಏಳೇ.

ಅವಳು ತೋಪಿನ ಕಡೆ ತಿರುಗಿದಳು. "ಯಾರಿಗಾದ್ರೂ ಗೊತ್ತಾ?"

ಇಷ್ಟು ವರ್ಷ ಗೋಡೆಯ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಆಲದ ಕೆಳಗಿನಿಂದ ಸೌತೆಕಾಯಿಯವಳು ಹೇಳಿದಳು: "ಮುನಿತಾಯಿ. ಒಂದ್ ದಿನ ಕೇಳಿದ್ದೆ. ಅವಳೂ ನನ್ನ ಹೆಸರು ಕೇಳಿದ್ಲು."

"ಮುನಿತಾಯಿ," ಎಂದಳು ಬೀಗದವಳು.

"ಮುನಿತಾಯಿ," ಎಂದ ಯಜಮಾನ, ಹೊಸಿಲಿನ ಆಚೆಯಿಂದ, ಮೆಲ್ಲಗೆ.

ಅವಳು ದಾರಿ ಬಿಟ್ಟಳು. ಅವನು ಕುಂಟುತ್ತ ಒಳಗೆ ಬಂದು ನೇರಳೆಯ ಕೆಳಗೆ ಕೂತ. ಅವನಿಗೆ ಯಾರೂ ಜಾಗ ಮಾಡಿಕೊಡಲಿಲ್ಲ, ಯಾರೂ ಎಬ್ಬಿಸಲೂ ಇಲ್ಲ. ಮುಂದೆ ಹಿರಿಯರು ಮೂರು ಸಲ ಹೊಸ ಬಾಗಿಲು ತಂದು ನಿಲ್ಲಿಸಿದರು. ಮೂರು ಸಲವೂ ಅದು ಬೀದಿಗೆ ಬಿತ್ತು. ಆಮೇಲೆ ತರುವುದನ್ನು ಬಿಟ್ಟರು.

ಆದರೆ ಆ ದಿನ ಬೀಗದವಳಿಗೆ ನೆರಳು ತಂಪು ಕೊಡಲಿಲ್ಲ. ಅವಳು ಕೂರಲೂ ಇಲ್ಲ. ಸೌತೆಕಾಯಿಯವಳ ಎದುರು ಹೋಗಿ, ಸೊಂಟಕ್ಕೆ ಕೈ ಕೊಟ್ಟು, "ನಿನ್ನ ಹೆಸರೇನು?" ಎಂದಳು. ಅವಳು ಹೇಳಿದಳು. ಬೀಗದವಳು ಅದನ್ನು ಎರಡು ಸಲ ಗಟ್ಟಿಯಾಗಿ ಅಂದು, ಪಕ್ಕದ ಗಾರೆಯವನ ಕಡೆ ತಿರುಗಿದಳು. ಜಗಳಕ್ಕೆ ನಿಂತವಳ ಧ್ವನಿಯಲ್ಲಿ, ಕಣ್ಣೀರು ಒರೆಸಿಕೊಳ್ಳದೆ, ಒಂದು ಮರದಿಂದ ಇನ್ನೊಂದು ಮರಕ್ಕೆ, ಕೂತವರೊಬ್ಬರನ್ನೂ ಬಿಡದೆ ಹೆಸರು ಕೇಳುತ್ತ ಹೋದಳು.